ಸ್ಕ್ರೀನ್ ಹಾಲ್ ಕಡೆಗಿರಲಿ

ಮಕ್ಕಳು ಇಂಟರ್‌ನೆಟ್‌ನಲ್ಲಿ ನೋಡಬಾರದ್ದನ್ನು ನೋಡದಂತೆ ಕಾಯುವುದು ಹೇಗೆ ಎಂಬ ಪ್ರಶ್ನೆ ಬಾಂಬೆ ಹೈಕೋರ್ಟಿನ ಮುಂದೆ 2001ರಲ್ಲೇ ಬಂದಿತ್ತು. ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಡತೊಡಗಿ ಆಗ ಆರು ವರ್ಷವಾಗಿತ್ತು. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರಿಗೆ ಸೈಬರ್ ಕೆಫೆಯೇ ಗತಿ. ಅಶ್ಲೀಲ ಜಾಲತಾಣಗಳ ಬಗ್ಗೆ ಬಂದ ಅರ್ಜಿಯನ್ನು ಕೈಗೆತ್ತಿಕೊಂಡ ನ್ಯಾಯಾಲಯ ಒಂದು ಸಮಿತಿ ನೇಮಿಸಿತು. 2002ರ ಜನವರಿಯಲ್ಲಿ ಅದರ ವರದಿ ಬಂತು. ತಾಣಗಳನ್ನೆಲ್ಲ ಸಾರಾಸಗಟಾಗಿ ಮುಚ್ಚಿಸುವ ದಾರಿಯನ್ನು ಸಮಿತಿ ಒಪ್ಪಲಿಲ್ಲ. ಬದಲಿಗೆ ಅದು ಹೇಳಿದ್ದು ತೀರಾ ಸಾದಾ ಮಾತು: ಅಪ್ರಾಪ್ತ ವಯಸ್ಸಿನವರನ್ನು ಕೆಫೆಯ ಕ್ಯಾಬಿನ್‌ಗಳೊಳಗೆ ಬಿಡಬೇಡಿ, ಎಲ್ಲರಿಗೂ ಕಾಣುವ ತೆರೆದ ಜಾಗದ ಯಂತ್ರಗಳಲ್ಲೇ ಕೂರಿಸಿ, ಆ ಯಂತ್ರಗಳಿಗೆ ಫಿಲ್ಟರ್ ಸಾಫ್ಟ್‌ವೇರ್ ಹಾಕಿ. ಒಂಬತ್ತು ವರ್ಷಗಳ ನಂತರ, 2011ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಸೈಬರ್ ಕೆಫೆ ನಿಯಮಗಳಲ್ಲಿ ಇದೇ ವಿಚಾರ ಅಳತೆಪಟ್ಟಿಯ ಸಮೇತ ಬಂತು. ಅಡ್ಡಗೋಡೆ ನೆಲದಿಂದ ನಾಲ್ಕೂವರೆ ಅಡಿಗಿಂತ ಎತ್ತರವಿರಕೂಡದು, ಕ್ಯಾಬಿನ್ನಿನ ಹೊರಗಿನ ಯಂತ್ರಗಳ ಸ್ಕ್ರೀನ್ ಸಾರ್ವಜನಿಕ ಜಾಗದತ್ತ ಮುಖ ಮಾಡಿರಬೇಕು, ಪಾಲಕರು ಜೊತೆಗಿಲ್ಲದೆ ಮಕ್ಕಳು ಕ್ಯಾಬಿನ್ನಿನಲ್ಲಿ ಕೂರುವಂತಿಲ್ಲ. ಕೆಫೆಗಳು ಈಗ ಹೆಚ್ಚುಕಡಿಮೆ ಮಾಯವಾಗಿವೆ. ಆದರೆ ಮನೆಯ ಕಂಪ್ಯೂಟರಿನ ಮೇಲೆ ನಿಗಾ ಇಡಬೇಕೆಂದಿರುವ ಮುಂಬಯಿಯ ವಡಾಲದ ಕನ್ನಡಿಗ ತಂದೆತಾಯಿಗಳಿಗೆ ಇವತ್ತಿಗೂ ಇದಕ್ಕಿಂತ ಒಳ್ಳೆಯ ಸಲಹೆ ಸಿಗುವುದು ಕಷ್ಟ. ನಿಗಾ ಎನ್ನುವುದು ಮಗುವಿಗೆ ಗೊತ್ತಿರಬೇಕು, ಕಣ್ಣಿಗೆ ಕಾಣುವಂತಿರಬೇಕು, ವಯಸ್ಸಿನ ಜೊತೆ ಸಡಿಲವಾಗುತ್ತ ಹೋಗಬೇಕು. ಕದ್ದು ನೋಡುವ ನಿಗಾ ಕೆಲಸಕ್ಕೆ ಬರುವುದಿಲ್ಲ.

ಸಾಫ್ಟ್‌ವೇರ್ ಒಂದನ್ನು ಹಾಕಿಬಿಟ್ಟರೆ ಮುಗಿಯಿತಲ್ಲ ಎಂಬ ನಂಬಿಕೆ ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದೆ. ಆಕ್ಸ್‌ಫರ್ಡ್ ಇಂಟರ್‌ನೆಟ್ ಇನ್‌ಸ್ಟಿಟ್ಯೂಟ್‌ನ ಆಂಡ್ರ್ಯೂ ಪ್ರಿಬಿಲ್‌ಸ್ಕಿ ಮತ್ತು ವಿಕ್ಟೋರಿಯಾ ನ್ಯಾಶ್ 2018ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನು ಅಲುಗಾಡಿಸುತ್ತದೆ. ಯುರೋಪಿನ ಸಾವಿರಾರು ಹದಿಹರೆಯದವರ ಮಾಹಿತಿಯನ್ನು ಪರಿಶೀಲಿಸಿದ ಅವರ ಲೆಕ್ಕದ ಪ್ರಕಾರ, ಒಬ್ಬೇ ಒಬ್ಬ ಹುಡುಗನೋ ಹುಡುಗಿಯೋ ಲೈಂಗಿಕ ದೃಶ್ಯ ನೋಡುವುದನ್ನು ತಪ್ಪಿಸಬೇಕಾದರೆ 17ರಿಂದ 77 ಮನೆಗಳು ಫಿಲ್ಟರ್ ಹಾಕಿಕೊಳ್ಳಬೇಕಾಗುತ್ತದೆ. ಫಿಲ್ಟರ್ ಪೂರಾ ವ್ಯರ್ಥ ಎಂದು ಇದರ ಅರ್ಥವಲ್ಲ. ಅದರ ಮೇಲೆ ಭಾರ ಹಾಕಿ ನಿಶ್ಚಿಂತೆಯಿಂದ ಕೂರುವಂತಿಲ್ಲ, ಅಷ್ಟೆ. ಕಾರಣವೂ ನಿಗೂಢವೇನಲ್ಲ. ಫಿಲ್ಟರ್ ತಡೆಯುವುದು ತನಗೆ ಗೊತ್ತಿರುವ ತಾಣಗಳನ್ನು, ಗೊತ್ತಿರುವ ಪದಗಳನ್ನು. ವಡಾಲದ ಮಗು ಮನೆಯಲ್ಲಿ ಕನ್ನಡ ಅಥವಾ ತುಳು, ಕೆಳಗೆ ಆಟದಲ್ಲಿ ಹಿಂದಿ, ಶಾಲೆಯಲ್ಲಿ ಮರಾಠಿ ಮತ್ತು ಇಂಗ್ಲಿಷ್ ಆಡುತ್ತದೆ; ಹುಡುಕುವಾಗ ಇವಿಷ್ಟನ್ನೂ ಇಂಗ್ಲಿಷ್ ಅಕ್ಷರದಲ್ಲಿ ಕಲಸಿ ಟೈಪ್ ಮಾಡುತ್ತದೆ. ಇಂಗ್ಲಿಷಿನ ಬೈಗುಳವನ್ನು ಹಿಡಿಯುವ ಪದಪಟ್ಟಿಗೆ ನಮ್ಮ ಬೈಗುಳದ ಸುಳಿವೇ ಹತ್ತದೆ ಹೋಗಬಹುದು. ಇನ್ನು ಮಕ್ಕಳಿಗೆ ನಿಜವಾದ ಅಪಾಯ ಹಲವು ಬಾರಿ ಬರುವುದು ಅಶ್ಲೀಲ ತಾಣದಿಂದಲೇ ಅಲ್ಲ, ಆಟದ ನಡುವೆ ಮಾತಿಗಿಳಿದ ಅಪರಿಚಿತನಿಂದ. ಆ ಆಟದ ತಾಣ ಯಾವ ಕಪ್ಪುಪಟ್ಟಿಯಲ್ಲೂ ಇರುವುದಿಲ್ಲ.

ಹಾಗಾದರೆ ಎಲ್ಲವನ್ನೂ ನಿಷೇಧಿಸಿಬಿಡೋಣ ಎನ್ನುವವರೂ ಇದ್ದಾರೆ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸೋನಿಯಾ ಲಿವಿಂಗ್‌ಸ್ಟನ್ ಮತ್ತು ಸಂಗಡಿಗರು ಎಂಟು ಯುರೋಪಿಯನ್ ದೇಶಗಳಲ್ಲಿ 6ರಿಂದ 14 ವರ್ಷದ ಮಕ್ಕಳಿರುವ 6,400 ಪಾಲಕರ ಉತ್ತರಗಳನ್ನು ಆಧರಿಸಿ 2017ರಲ್ಲಿ ಬರೆದದ್ದು ಇಲ್ಲಿ ನೆನಪಿಡಬೇಕಾದ ಸಂಗತಿ. ಬಿಗಿ ನಿರ್ಬಂಧವಿದ್ದ ಕಡೆ ಅಪಾಯ ಕಡಿಮೆಯಿತ್ತು ನಿಜ, ಆದರೆ ಕಲಿಯುವ ಅವಕಾಶವೂ ಅದರ ಜೊತೆಗೇ ಕಡಿಮೆಯಾಗಿತ್ತು. ಜೊತೆ ಕೂತು, ಮಾತಾಡಿ, ಕೆಲವು ಕಟ್ಟುಪಾಡಿನೊಂದಿಗೆ ಬಿಟ್ಟುಕೊಟ್ಟ ಮನೆಗಳಲ್ಲಿ ಅವಕಾಶ ಹೆಚ್ಚು, ಅಪಾಯವೂ ತುಸು ಹೆಚ್ಚು. ಪುಕ್ಕಟೆಯಾಗಿ ಯಾವುದೂ ಸಿಗುವುದಿಲ್ಲವೆಂದಾಯಿತು. ಇಂಗ್ಲೆಂಡಿನ ತಾಯಿಯೊಬ್ಬಳು ಈ ತಕ್ಕಡಿಯನ್ನು ಹೇಗೆ ತೂಗುತ್ತಾಳೋ ನಾನರಿಯೆ. ಆದರೆ ಹೋಟೆಲಿನ ಗಲ್ಲಾದಲ್ಲೋ ಬಂದರಿನ ಕಚೇರಿಯಲ್ಲೋ ದುಡಿದು, ಮನೆಗೊಂದೇ ಕಂಪ್ಯೂಟರ್ ತಂದಿಟ್ಟ ಮುಂಬಯಿ ಕನ್ನಡಿಗರ ಮನೆಯಲ್ಲಿ ಆ ಯಂತ್ರವೇ ಮಗುವಿನ ಟ್ಯೂಷನ್, ಗ್ರಂಥಾಲಯ, ಮುಂದಿನ ಕೆಲಸದ ತಾಲೀಮು. ಅಲ್ಲಿ ಅವಕಾಶವನ್ನು ಕತ್ತರಿಸುವ ಬೆಲೆ ದೊಡ್ಡದು. ಆದ್ದರಿಂದ ನಿಷೇಧಕ್ಕಿಂತ ಬೆಳಕಿನಲ್ಲಿ ಬಳಸಲು ಬಿಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಬೆಳಕು ಎಂದರೆ ಮೊದಲು ಜಾಗ. ಬಂದರು ಟ್ರಸ್ಟಿನ (ಬಿಪಿಟಿ) ಕಾಲೊನಿಯ ಕ್ವಾರ್ಟರ್ಸ್‌ನಲ್ಲೋ ಕಿದ್ವಾಯಿ ನಗರದ ಒನ್ ರೂಮ್ ಕಿಚನ್ನಿನಲ್ಲೋ ಇರುವವರಿಗೆ ಕಂಪ್ಯೂಟರ್ ಎಲ್ಲಿಡಬೇಕೆಂಬ ಪ್ರಶ್ನೆಯೇ ಇಲ್ಲ, ಇರುವುದೇ ಹಾಲ್. ಆದರೂ ಅಲ್ಲಿಯೂ ಯಂತ್ರವನ್ನು ಹೇಗೆ ತಿರುಗಿಸಿಟ್ಟಿದ್ದೇವೆಂಬುದು ಮುಖ್ಯ. ಟೇಬಲ್ಲನ್ನು ಗೋಡೆಗೆ ಒತ್ತಿ, ಮಗು ಗೋಡೆಯತ್ತ ಮುಖ ಮಾಡಿ ಕೂತರೆ ಸ್ಕ್ರೀನ್ ಹಾಲಿನ ಕಡೆಗಿರುತ್ತದೆ. ಅಡುಗೆಮನೆಯಿಂದ ನೀರು ತರುವವರಿಗೂ ಬಾಗಿಲು ತೆರೆಯುವವರಿಗೂ ತಾನಾಗಿ ಕಾಣುತ್ತದೆ. ಅದೇ ಮಗು ಕಪಾಟಿಗೆ ಬೆನ್ನು ಕೊಟ್ಟು ಕೂತರೆ ಮೂರಡಿ ದೂರದಲ್ಲಿರುವ ಅಮ್ಮನಿಗೂ ಮಾನಿಟರಿನ ಹಿಂಬದಿಯ ವೈರುಗಳಷ್ಟೇ ಕಾಣುವುದು. ಇಡೀ ಮನೆಯಲ್ಲಿ ಖರ್ಚಿಲ್ಲದೆ ಮಾಡಬಹುದಾದ ಮೊದಲ ಬದಲಾವಣೆ ಇದು. ಭಕ್ತಿ ಪಾರ್ಕ್, ದೋಸ್ತಿ ಏಕರ್ಸ್‌ನಂಥ ಗೋಪುರಗಳಲ್ಲಿ ಮಕ್ಕಳಿಗೆ ಪ್ರತ್ಯೇಕ ಕೋಣೆ ಇರುತ್ತದೆ, ಕಂಪ್ಯೂಟರ್ ಆ ಕೋಣೆಗೇ ಹೋಗುತ್ತದೆ, ಬಾಗಿಲು ಎಸಿಯ ನೆಪದಲ್ಲಿ ಮುಚ್ಚಿರುತ್ತದೆ. ಎಂಟನೆಯ ತರಗತಿ ಮುಗಿಯುವವರೆಗಾದರೂ ಯಂತ್ರ ಹಾಲಿನಲ್ಲೇ ಇರಲಿ. ಚಿಕ್ಕ ಮನೆಗೆ ಹಗಲಿನಲ್ಲಿರುವ ಅನುಕೂಲ ರಾತ್ರಿ ತಿರುಗುಮುರುಗಾಗುತ್ತದೆ ಎಂಬುದನ್ನೂ ಹೇಳಬೇಕು: ಮಕ್ಕಳು ಮಲಗುವುದೂ ಅದೇ ಹಾಲಿನಲ್ಲಿ, ದೊಡ್ಡವರು ನಿದ್ದೆ ಹೋದ ಮೇಲೆ ಯಂತ್ರ ಮಕ್ಕಳ ಕೈಯಳತೆಯಲ್ಲಿ. ಅದಕ್ಕೆ ಸಮಯದ ಬೀಗ ಬೇಕು. ಆ ಮಾತಿಗೆ ಆಮೇಲೆ ಬರುತ್ತೇನೆ. ಇನ್ನೊಂದು, ಹೆಡ್‌ಫೋನ್. ಸ್ಕ್ರೀನ್ ಕಂಡರೂ ಕಿವಿಯಲ್ಲಿ ಯಾರು ಮಾತಾಡುತ್ತಿದ್ದಾರೆಂದು ಕಾಣುವುದಿಲ್ಲ. ಆನ್‌ಲೈನ್ ಆಟಕ್ಕೆ ಸ್ಪೀಕರ್, ಪಾಠಕ್ಕೆ ಹೆಡ್‌ಫೋನ್ ಎಂಬ ಸರಳ ಪದ್ಧತಿ ಚಿಕ್ಕ ಮಕ್ಕಳಿಗೆ ಸಾಕು, ಗದ್ದಲವನ್ನು ಸಹಿಸಿಕೊಳ್ಳಬೇಕಷ್ಟೆ.

ಎರಡನೆಯದು ಖಾತೆ. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಜೋಡಿಸಿ ತಂದ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಒಂದೇ ಖಾತೆ, ಅದೂ ಅಡ್ಮಿನಿಸ್ಟ್ರೇಟರ್ ಖಾತೆ. ಅಪ್ಪನ ಬ್ಯಾಂಕ್ ಲಾಗಿನ್, ಅಮ್ಮನ ಇಮೇಲ್, ಮಗನ ಆಟ ಎಲ್ಲವೂ ಅದರಲ್ಲೇ. ಹೀಗಿರುವವರೆಗೆ ಯಾವ ನಿಗಾ ಸಾಫ್ಟ್‌ವೇರ್ ಹಾಕಿದರೂ ಅದನ್ನು ತೆಗೆದುಹಾಕುವ ಅಧಿಕಾರ ಮಗುವಿನ ಕೈಯಲ್ಲೇ ಇರುತ್ತದೆ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್ ತೆರೆದು, ಅಕೌಂಟ್ಸ್‌ಗೆ ಹೋಗಿ, ಫ್ಯಾಮಿಲಿ ಎಂಬಲ್ಲಿ ಮಗುವಿನ ಹೆಸರಿಗೆ ಹೊಸ ಖಾತೆ ಸೇರಿಸಿ. ಅದು ಅಡ್ಮಿನಿಸ್ಟ್ರೇಟರ್ ಅಲ್ಲ, ಸ್ಟ್ಯಾಂಡರ್ಡ್ ಯೂಸರ್ ಎಂದಿರುವುದನ್ನು ಖಾತ್ರಿ ಮಾಡಿಕೊಳ್ಳಿ. ನಿಮ್ಮ ಖಾತೆಗೆ ಪಾಸ್‌ವರ್ಡ್ ಹಾಕಿ. ಮಗುವಿನ ಹುಟ್ಟಿದ ತಾರೀಖನ್ನು ನಿಜವಾಗಿಯೇ ಕೊಡಿ. ಖಾತೆ ಬೇಗ ಆಗಲಿ ಎಂದು ಪಾಲಕರೇ ವಯಸ್ಸು ಹೆಚ್ಚಿಸಿ ಬರೆಯುವುದುಂಟು, ಹಾಗೆ ಮಾಡಿದರೆ ಮಕ್ಕಳಿಗಾಗಿ ಇರುವ ರಕ್ಷಣೆಗಳೆಲ್ಲ ಮೊದಲ ಹೆಜ್ಜೆಯಲ್ಲೇ ಬಿದ್ದುಹೋಗುತ್ತವೆ. ಇಷ್ಟಾದ ಮೇಲೆ ಮೈಕ್ರೋಸಾಫ್ಟ್ ಫ್ಯಾಮಿಲಿ ಸೇಫ್ಟಿಯಲ್ಲಿ ದಿನದ ಯಾವ ಗಂಟೆಯಿಂದ ಯಾವ ಗಂಟೆಯವರೆಗೆ ಯಂತ್ರ ತೆರೆಯಬೇಕು ಎಂದು ಗೊತ್ತುಪಡಿಸಬಹುದು. ರಾತ್ರಿ ಹತ್ತಕ್ಕೆ ಮಗುವಿನ ಖಾತೆ ತಾನಾಗಿ ಮುಚ್ಚಿಕೊಳ್ಳುತ್ತದೆ, ನಿಮ್ಮದು ತೆರೆದೇ ಇರುತ್ತದೆ. ಇದು ಉಚಿತ. ಇದರ ಒಂದು ಮಿತಿ ತಿಳಿದಿರಲಿ: ತಾಣ ಸೋಸುವ ವ್ಯವಸ್ಥೆ ಎಡ್ಜ್ ಬ್ರೌಸರಿನಲ್ಲಿ ಮಾತ್ರ ಕೆಲಸ ಮಾಡುತ್ತದೆ, ಅದನ್ನು ಚಾಲೂ ಮಾಡಿದರೆ ಕ್ರೋಮ್‌ನಂಥ ಬೇರೆ ಬ್ರೌಸರುಗಳು ಆ ಖಾತೆಯಲ್ಲಿ ತೆರೆಯದೆ ಹೋಗಬಹುದು. ಶಾಲೆಯ ಕೆಲಸಕ್ಕೆ ಕ್ರೋಮ್ ಬೇಕೇಬೇಕೆಂದರೆ ಸೋಸುವ ಕೆಲಸವನ್ನು ರೌಟರಿಗೆ ಬಿಟ್ಟು, ಸಮಯದ ಮಿತಿ ಮತ್ತು ವಾರದ ವರದಿಯನ್ನಷ್ಟೇ ಇಟ್ಟುಕೊಳ್ಳಿ. ಮ್ಯಾಕ್ ಇದ್ದವರಿಗೆ 2019ರಿಂದ ಈಚಿನ ಆವೃತ್ತಿಗಳಲ್ಲಿ ಸ್ಕ್ರೀನ್ ಟೈಮ್ ಎಂಬುದು ಇದೇ ಕೆಲಸ ಮಾಡುತ್ತದೆ.

ರೌಟರ್ ಎಂದರೆ ಬಾಗಿಲ ಮೇಲೆ ದೀಪ ಮಿನುಗಿಸುತ್ತ ಕೂತಿರುವ, ಕೇಬಲ್‌ನವನು ಹಾಕಿ ಹೋದ ಪೆಟ್ಟಿಗೆ. ಜಾಲತಾಣದ ಹೆಸರು ಟೈಪ್ ಮಾಡಿದಾಗ ಅದರ ಅಂಕಿ ವಿಳಾಸ ಹುಡುಕಿಕೊಡುವ ಸೇವೆಗೆ ಡಿಎನ್‌ಎಸ್ ಎನ್ನುತ್ತಾರೆ. ಮಾಮೂಲಿ ಡಿಎನ್‌ಎಸ್ ಬದಲು ಕ್ಲೌಡ್‌ಫ್ಲೇರ್ 2020ರಲ್ಲಿ ಆರಂಭಿಸಿದ ಕುಟುಂಬ ಸೇವೆಯ ವಿಳಾಸಗಳನ್ನು, ಅಂದರೆ 1.1.1.3 ಮತ್ತು 1.0.0.3 ಎಂಬುದನ್ನು ರೌಟರಿನಲ್ಲಿ ಬರೆದರೆ ಅಶ್ಲೀಲ ಮತ್ತು ವೈರಸ್ ಹರಡುವ ತಾಣಗಳ ಹೆಸರಿಗೆ ವಿಳಾಸವೇ ಸಿಗುವುದಿಲ್ಲ. ಮನೆಯ ವೈಫೈಗೆ ಸೇರಿದ ಫೋನು, ಟಿವಿ ಎಲ್ಲಕ್ಕೂ ಇದು ಅನ್ವಯವಾಗುತ್ತದೆ. ರೌಟರಿನ ಪುಟ ಸಾಧಾರಣವಾಗಿ 192.168.1.1 ಅಥವಾ 192.168.0.1 ಎಂಬ ವಿಳಾಸದಲ್ಲಿ ತೆರೆಯುತ್ತದೆ; ಪಾಸ್‌ವರ್ಡ್ ಹಲವು ಪೆಟ್ಟಿಗೆಗಳ ಅಡಿಯಲ್ಲೇ ಸ್ಟಿಕರಿನ ಮೇಲೆ ಅಚ್ಚಾಗಿರುತ್ತದೆ. ಸ್ಟೂಲ್ ಹತ್ತಿದರೆ ಮಗುವಿಗೂ ಅದು ಓದಲು ಸಿಗುತ್ತದೆಯಾದ್ದರಿಂದ ಮೊದಲು ಪಾಸ್‌ವರ್ಡ್ ಬದಲಿಸಿ. ಕೆಲವು ಕಂಪನಿಗಳ ಪೆಟ್ಟಿಗೆಯಲ್ಲಿ ಈ ಸೆಟ್ಟಿಂಗ್ ಮುಟ್ಟಲು ಬಿಡುವುದಿಲ್ಲ. ಆಗ ಅದೇ ವಿಳಾಸಗಳನ್ನು ಕಂಪ್ಯೂಟರಿನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಬರೆಯಬಹುದು, ಸ್ಟ್ಯಾಂಡರ್ಡ್ ಖಾತೆಯ ಮಗು ನಿಮ್ಮ ಪಾಸ್‌ವರ್ಡ್ ಇಲ್ಲದೆ ಅದನ್ನು ಬದಲಿಸಲಾರದು. ಈ ಬೇಲಿಯಲ್ಲೂ ಕಂಡಿಗಳಿವೆ. ಬ್ರೌಸರಿನೊಳಗಿನ ‘ಸೆಕ್ಯೂರ್ ಡಿಎನ್‌ಎಸ್’ ಎಂಬ ಗುಂಡಿ ರೌಟರಿನಲ್ಲಿ ಬರೆದ ವಿಳಾಸಗಳನ್ನು ಪಕ್ಕಕ್ಕೆ ಸರಿಸಿ ಹೋಗಬಲ್ಲದು. ಫೋನಿನ ಹಾಟ್‌ಸ್ಪಾಟ್ ಚಾಲೂ ಮಾಡಿದರೆ ರೌಟರಿಗೆ ಸುದ್ದಿಯೇ ಇರುವುದಿಲ್ಲ. ಯೂಟ್ಯೂಬ್ ಒಳಗೆ ಯಾವ ವಿಡಿಯೊ ಓಡುತ್ತಿದೆ ಎಂಬುದು ಡಿಎನ್‌ಎಸ್‌ಗೆ ಕಾಣುವುದಿಲ್ಲ. ಚಿಕ್ಕವರು ಆಕಸ್ಮಿಕವಾಗಿ ಎಡವುವುದನ್ನು ಇದು ತಪ್ಪಿಸುತ್ತದೆ. ಹುಡುಕಿಕೊಂಡೇ ಹೋಗುವ ಹದಿನಾಲ್ಕರವನನ್ನು ನಿಲ್ಲಿಸುವುದು ಇದರ ಕೈಲಾಗದ ಕೆಲಸ.

ಅದಕ್ಕೇ ವಾರದ ವರದಿಯನ್ನು ಓದುವ ಬಗೆ ಎಲ್ಲಕ್ಕಿಂತ ಮುಖ್ಯವಾಗುತ್ತದೆ. ಫ್ಯಾಮಿಲಿ ಸೇಫ್ಟಿಯಲ್ಲಿ ಚಟುವಟಿಕೆಯ ವರದಿಯನ್ನು ಚಾಲೂ ಮಾಡಿದರೆ ಎಷ್ಟು ಹೊತ್ತು, ಯಾವ ಆಪ್, ಎಡ್ಜ್‌ನಲ್ಲಿ ಯಾವ ತಾಣ ಎಂಬ ಪಟ್ಟಿ ವಾರಕ್ಕೊಮ್ಮೆ ನಿಮ್ಮ ಇಮೇಲಿಗೆ ಬರುತ್ತದೆ. ಹೆಚ್ಚಿನವರು ಅದನ್ನು ಮಗು ಶಾಲೆಗೆ ಹೋದ ಮೇಲೆ ಒಬ್ಬರೇ ತೆರೆದು, ಸಂಜೆ ವಿಚಾರಣೆಗೆ ಕೂರುತ್ತಾರೆ. ಭಾನುವಾರ ಬೆಳಿಗ್ಗೆ ಮಗುವಿನ ಜೊತೆಯಲ್ಲೇ ತೆರೆಯುವುದು ಮೇಲು. ಆರಂಭದಲ್ಲೇ ಹೇಳಿಬಿಡಿ: “ಇದು ನಿನ್ನ ಖಾತೆ ಮಗಾ. ನೀನು ಏನು ನೋಡ್ತಿ ಅಂತ ವಾರಕ್ಕೊಮ್ಮೆ ನನಗೆ ಪಟ್ಟಿ ಬರ್ತದೆ. ನಿನಗೆ ಗೊತ್ತಿಲ್ಲದೆ ನಾನು ಏನೂ ನೋಡೋದಿಲ್ಲ.” ಪಟ್ಟಿಯಲ್ಲಿ ಅಪರಿಚಿತ ತಾಣದ ಹೆಸರು ಕಂಡರೆ ಕೇಳುವ ಮೊದಲ ಪ್ರಶ್ನೆ “ಇದನ್ನೇಕೆ ನೋಡಿದೆ” ಎಂದಾಗಬಾರದು, “ಇದೇನು, ನನಗೂ ತೋರಿಸು” ಎಂದಿರಲಿ. ಹತ್ತರಲ್ಲಿ ಒಂಬತ್ತು ಸಲ ಅದು ಯಾವುದೋ ಜಾಹೀರಾತು ತೆರೆದ ಪುಟವೋ ಆಟದ ಚೀಟ್ ಕೋಡಿನ ತಾಣವೋ ಆಗಿರಬಹುದು. ನೋಡಬೇಕಾದದ್ದು ಒಂದೊಂದು ತಾಣವನ್ನಲ್ಲ, ಬದಲಾಗುತ್ತಿರುವ ಚಾಳಿಯನ್ನು. ಗಣಿತದ ವಿಡಿಯೊಗಳು ಇದ್ದಕ್ಕಿದ್ದಂತೆ ನಿಂತಿವೆಯೇ, ಒಂದೇ ಚಾಟ್ ಆಪ್ ಎರಡು ಗಂಟೆ ನುಂಗುತ್ತಿದೆಯೇ, ಯಾರಾದರೂ ಹತ್ತಿರ ಬಂದರೆ ಕಿಟಕಿ ಥಟ್ಟನೆ ಮುಚ್ಚುತ್ತದೆಯೇ. ಇಂಥವನ್ನು ಪಟ್ಟಿಗಿಂತ ಮೊದಲು ಮಗುವಿನ ಮುಖವೇ ಹೇಳುತ್ತದೆ.

ಇಲ್ಲೊಂದು ಗಟ್ಟಿ ಆಕ್ಷೇಪವಿದೆ: ಹೇಳಿ ನಿಗಾ ಇಟ್ಟರೆ ಮಕ್ಕಳು ಎಚ್ಚೆತ್ತುಕೊಂಡು ಬೇರೆ ದಾರಿ ಹಿಡಿಯುತ್ತಾರೆ, ಹೇಳದೆ ನೋಡಿದರೆ ತಾನೇ ನಿಜ ಗೊತ್ತಾಗುವುದು? ಪ್ರತಿ ಕೀಲಿಯೊತ್ತನ್ನೂ ದಾಖಲಿಸುವ, ಮಗುವಿಗೆ ಗೊತ್ತೇ ಆಗದ ಸಾಫ್ಟ್‌ವೇರುಗಳು ಮಾರಾಟಕ್ಕಿರುವುದೂ ಈ ತರ್ಕದ ಮೇಲೆಯೇ. ಮೊದಲನೆಯದಾಗಿ, ಹೀಗೆ ಸಂಗ್ರಹವಾದದ್ದು ಸಾಮಾನ್ಯವಾಗಿ ನಿಮ್ಮ ಮನೆಯಲ್ಲಿ ಉಳಿಯುವುದಿಲ್ಲ, ಇನ್ಯಾರದೋ ಸರ್ವರಿಗೆ ಹೋಗುತ್ತದೆ. ಅಮೆರಿಕದ ಟೀನ್‌ಸೇಫ್ ಎಂಬ ನಿಗಾ ಆಪ್‌ನ ಸರ್ವರ್ ಬೀಗವಿಲ್ಲದೆ ಬಿದ್ದಿದ್ದು 2018ರ ಮೇ ತಿಂಗಳಲ್ಲಿ ಬಯಲಾಯಿತು. ಮಕ್ಕಳ ಆಪಲ್ ಖಾತೆಗಳ ಪಾಸ್‌ವರ್ಡುಗಳು ಯಾರು ಬೇಕಾದರೂ ಓದುವಂತೆ ಅದರಲ್ಲಿದ್ದವು. ಮಗುವನ್ನು ಅಪರಿಚಿತರಿಂದ ಕಾಯಲೆಂದು ಕೊಂಡ ಸಾಧನವೇ ಅಪರಿಚಿತರಿಗೆ ಬಾಗಿಲು ತೆರೆದಂತಾಯಿತು. ಎರಡನೆಯದಾಗಿ, ಕದ್ದು ನೋಡಿ ತಿಳಿದದ್ದನ್ನು ಬಳಸುವುದು ಹೇಗೆ? ಬಾಯಿಬಿಟ್ಟರೆ ನೀವು ನೋಡುತ್ತಿದ್ದೀರೆಂದು ಗೊತ್ತಾಗುತ್ತದೆ, ಬಿಡದಿದ್ದರೆ ತಿಳಿದು ಫಲವಿಲ್ಲ. ನಿಗಾ ಆಪ್‌ಗಳ ಬಗ್ಗೆ ಮಕ್ಕಳೇ ಗೂಗಲ್ ಪ್ಲೇಯಲ್ಲಿ ಬರೆದ 736 ವಿಮರ್ಶೆಗಳನ್ನು ಅಮೆರಿಕದ ಸಂಶೋಧಕರು 2018ರಲ್ಲಿ ಪರಿಶೀಲಿಸಿದಾಗ ಶೇ. 76ರಷ್ಟರಲ್ಲಿ ಇದ್ದದ್ದು ಒಂದೇ ನಕ್ಷತ್ರ. ಮಕ್ಕಳು ಸಿಟ್ಟಿನಲ್ಲಿ ಬರೆದದ್ದೆಂದು ತಳ್ಳಿಹಾಕಬಹುದು. ಆದರೆ ಅಪಾಯ ಎದುರಾದಾಗ ಮಗು ಓಡಿ ಬರಬೇಕಾದದ್ದು ನಿಮ್ಮ ಬಳಿಗೆ. ನಿಮ್ಮ ಮೇಲೇ ಸಿಟ್ಟಿದ್ದರೆ ಅದು ಬರುವುದಿಲ್ಲ. ಭಯ ಕೆಟ್ಟ ಸಲಹೆಗಾರ ಎಂಬುದಕ್ಕೆ ಇದೇ ಊರಿನ ನೆನಪೂ ಇದೆ. 2017ರಲ್ಲಿ ಅಂಧೇರಿಯ ಬಾಲಕನೊಬ್ಬನ ಸಾವಿನ ನಂತರ ಅದಕ್ಕೆ ಕಾರಣವೆನ್ನಲಾದ ‘ಬ್ಲೂ ವೇಲ್’ ಎಂಬ ಆನ್‌ಲೈನ್ ಆಟದ ಹೆಸರು ಮನೆಮನೆಗೂ ಹಬ್ಬಿ, ಕೇಂದ್ರ ಸರ್ಕಾರ ಅದರ ಕೊಂಡಿಗಳನ್ನು ಅಳಿಸುವಂತೆ ಕಂಪನಿಗಳಿಗೆ ಸೂಚಿಸಿತು. ಕೆಲವೇ ತಿಂಗಳಲ್ಲಿ, ಸಾವುಗಳಿಗೆ ಆ ಆಟ ಕಾರಣವೆಂಬುದಕ್ಕೆ ಪುರಾವೆ ಸಿಕ್ಕಿಲ್ಲ ಎಂದು ಸರ್ಕಾರವೇ ಲೋಕಸಭೆಗೆ ತಿಳಿಸಿತು. ಆ ನಡುವೆ ಆಟದ ಹೆಸರು ಕೇಳಿರದ ಮಕ್ಕಳಿಗೂ ಅದನ್ನು ಪರಿಚಯಿಸಿದವರು ದೊಡ್ಡವರೇ.

ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಹಾರ್ಬರ್ ಲೈನ್ ಹಿಡಿದು ಮನೆ ಸೇರುವಾಗ ರಾತ್ರಿ ಎಂಟು, ಹಾಲಿನಲ್ಲಿ ಸ್ಕ್ರೀನ್ ಇದ್ದರೆ ನೋಡುವವರು ಯಾರು ಎಂಬ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಸಮಯದ ಮಿತಿಯಲ್ಲಿದೆ: ಮನೆಯಲ್ಲಿ ದೊಡ್ಡವರಿಲ್ಲದ ಮೂರರಿಂದ ಎಂಟು ಗಂಟೆಯವರೆಗೆ ಶಾಲೆಯ ಆಪ್‌ಗಳನ್ನಷ್ಟೇ ತೆರೆದಿಟ್ಟು, ಆಟ ಮತ್ತು ಯೂಟ್ಯೂಬಿಗೆ ನೀವು ಬಂದ ಮೇಲೆ ಒಂದು ಗಂಟೆ ಕೊಡಿ. ಅಜ್ಜಿ ಮನೆಯಲ್ಲಿದ್ದರೆ ಅವರಿಗೆ ತಾಂತ್ರಿಕ ಜ್ಞಾನವೇನೂ ಬೇಡ, ಆಗಾಗ ಪಕ್ಕದಲ್ಲಿ ಕೂತು “ಇದೇನೋ” ಎಂದು ಕೇಳಿದರೆ ಸಾಕು. ನಮಗಿಂತ ಮಗುವಿಗೇ ಹೆಚ್ಚು ಗೊತ್ತು ಎನ್ನುವವರಿಗೂ ಇದೇ ಮಾತು. ವಡಾಲದ ಎನ್‌ಕೆಇಎಸ್ ಸೇರಿದಂತೆ ಮುಂಬಯಿಯ ಕನ್ನಡ ಶಾಲೆಗಳು ಪಾಲಕರ ಸಭೆಯಲ್ಲಿ ಅರ್ಧ ಗಂಟೆ ಮೀಸಲಿಟ್ಟು ಖಾತೆ ಮತ್ತು ರೌಟರಿನ ಕೆಲಸವನ್ನು ಕನ್ನಡದಲ್ಲಿ ಮಾಡಿ ತೋರಿಸಿದರೆ ಬಹಳ ಮನೆಗಳ ಅಂಜಿಕೆ ಹೋದೀತು.

ಮಗುವಿಗೂ ಖಾಸಗಿತನ ಇಲ್ಲವೇ ಎಂಬುದು ಎದುರು ದಿಕ್ಕಿನ ಆಕ್ಷೇಪ. ಇದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಅದು ವಯಸ್ಕರಿಗಷ್ಟೇ ಮೀಸಲಾದ ಹಕ್ಕಲ್ಲ. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 18ರೊಳಗಿನವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ, ಮಕ್ಕಳ ನಡವಳಿಕೆಯ ಜಾಡು ಹಿಡಿಯುವುದನ್ನೂ ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದನ್ನೂ ಕಂಪನಿಗಳಿಗೆ ನಿಷೇಧಿಸುತ್ತದೆ. ಕಂಪನಿ ಮಾಡಬಾರದ ಕೆಲಸವನ್ನು ಪಾಲಕರು ಒಂದಷ್ಟು ಮಾಡಲೇಬೇಕಾಗುತ್ತದೆ, ಆದರೆ ಎಷ್ಟು ದಿನ ಎಂಬುದಕ್ಕೆ ಅಂಕೆ ಇರಬೇಕು. ಹತ್ತು ವರ್ಷದವರೆಗೆ ಜೊತೆಯಲ್ಲೇ ಕೂರುವುದು, ಹದಿಮೂರರವರೆಗೆ ಹಾಲ್, ಫಿಲ್ಟರ್, ವಾರದ ವರದಿ ಮೂರೂ, ಹದಿನೈದರ ಹೊತ್ತಿಗೆ ತಾಣಗಳ ಪಟ್ಟಿ ನೋಡುವುದನ್ನು ಬಿಟ್ಟು ಸಮಯದ ಲೆಕ್ಕವಷ್ಟೇ, ಹತ್ತನೆಯ ಪರೀಕ್ಷೆ ಮುಗಿದ ಮೇಲೆ ಅದನ್ನೂ ತೆಗೆಯುವುದು. ಈ ಅಂಕಿಗಳು ಕಲ್ಲಿನಲ್ಲಿ ಕೊರೆದವಲ್ಲ, ಮಗುವನ್ನು ನೋಡಿ ಹಿಂದುಮುಂದು ಮಾಡಿಕೊಳ್ಳಿ. ಯಾವಾಗ ಏನು ಸಡಿಲವಾಗುತ್ತದೆ ಎಂಬುದು ಮಾತ್ರ ಮಗುವಿಗೆ ಮೊದಲೇ ಗೊತ್ತಿರಲಿ. ಗೆಳೆಯರ ಜೊತೆಗಿನ ಖಾಸಗಿ ಸಂದೇಶಗಳನ್ನು ಓದುವುದು, ಗಂಭೀರ ಅನುಮಾನವಿಲ್ಲದ ಹೊರತು, ಯಾವ ವಯಸ್ಸಿನಲ್ಲೂ ಬೇಡ.

ಇಷ್ಟೆಲ್ಲ ಮಾಡಿಯೂ ಎಡವಟ್ಟಾಗಬಹುದು. ಯಾರೋ ಮಗುವಿನ ಫೋಟೊ ಪಡೆದು ಬೆದರಿಸುತ್ತಿದ್ದರೆ ಬೈಗುಳ ಆಮೇಲೆ ಇರಲಿ, ಮೊದಲು ಹಣ ಕಳಿಸಬೇಡಿ, ಚಾಟ್ ಅಳಿಸಬೇಡಿ. ಖಾತೆಯ ಹೆಸರು, ವಿಳಾಸದ ಕೊಂಡಿ, ತಾರೀಖು ಮತ್ತು ಸಮಯವನ್ನು ಬರೆದಿಟ್ಟುಕೊಂಡು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ; ಮಹಿಳೆ ಮತ್ತು ಮಕ್ಕಳ ವಿರುದ್ಧದ ಅಪರಾಧಗಳಿಗೆ ಅಲ್ಲಿ ಹೆಸರು ಹೇಳದೆ ದೂರು ಕೊಡುವ ಅವಕಾಶವಿದೆ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ, ಮಗುವಿಗೆ ನೆರವು ಬೇಕಿದ್ದರೆ 1098ಕ್ಕೆ ಕರೆ ಮಾಡಿ. ಸಾಕ್ಷಿಯೆಂದು ಆ ಚಿತ್ರವನ್ನು ಸಂಬಂಧಿಕರ ವಾಟ್ಸ್ಆ್ಯಪ್ ಗುಂಪಿಗೋ ಶಾಲೆಯ ಗುಂಪಿಗೋ ಕಳಿಸುವ ತಪ್ಪನ್ನಂತೂ ಮಾಡಲೇಬೇಡಿ. ಮಕ್ಕಳ ಲೈಂಗಿಕ ಚಿತ್ರವನ್ನು ಹಂಚುವುದು ಐಟಿ ಕಾಯ್ದೆಯ 67ಬಿ ಕಲಮಿನಡಿ ಮೊದಲ ಸಲಕ್ಕೇ ಐದು ವರ್ಷದವರೆಗೆ ಶಿಕ್ಷೆಯಿರುವ ಅಪರಾಧ. ಪೊಲೀಸರ ಬಳಿಗೆ ಹೋಗುವಾಗ ಚಿತ್ರವನ್ನು ಬೇರೆಡೆ ನಕಲು ಮಾಡದೆ, ಅದಿರುವ ಯಂತ್ರವನ್ನೇ ತೆಗೆದುಕೊಂಡು ಹೋಗಿ.